ಗೆದ್ದವರ ಖಾನೆ

ಜೂನ್ 3, ಸೋಮವಾರ

ನನ್ನ ಛತ್ರಿಯ ಮೊನೆಗೆ ಊರುಗೋಲಿನ ರಬ್ಬರ್ ಟೋಪಿ. ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಕಣ್ಣಿಗೆ ಬಿತ್ತು. ಮೊನ್ನೆ ಬಸ್ಸಿನಲ್ಲಿ ಛತ್ರಿ ಯಾರದೋ ಕಾಲಿಗೆ ಚುಚ್ಚಿ, ಅವರು ಬೈದು, ನಾನು ನಾಚಿಕೆಗೆ ಒಂದು ಸ್ಟಾಪ್ ಮೊದಲೇ ಇಳಿದಿದ್ದೆ. ಊಟದ ಹೊತ್ತಿಗೆ ಅದನ್ನು ಹೇಳಿದಾಗ ದೊಡ್ಡಮ್ಮ ಬರೀ ಹ್ಞೂಂ ಅಂದಿದ್ದರು. ಇವತ್ತು ಈ ಟೋಪಿ. ಹೇಳದೆ ಮಾಡುವುದು ಅವರ ಜಾಯಮಾನ. ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದರೆ ಬೈಸಿಕೊಳ್ಳಬೇಕು.

ಟೋಪಿಗೇನು ಬರವಿಲ್ಲ. ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಿಯಾದ ಮೇಲೆ ದೊಡ್ಡಮ್ಮ ಮನೆಯ ಮುಂದಿನ ಕೋಣೆಯನ್ನು ಊರುಗೋಲು, ವಾಕರ್, ಗಾಲಿಕುರ್ಚಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಬೇಕಾದವರು ಒಯ್ಯಬಹುದು. ವಾಸಿಯಾದ ಮೇಲೆ ತಂದುಕೊಟ್ಟರಾಯಿತು. ಗೋಡೆ ತುಂಬ ಮೊಳೆ — ಒಂದೊಂದು ಸಾಮಾನಿಗೆ ಒಂದೊಂದು, ಮೇಲೆ ಬಣ್ಣದಲ್ಲಿ ಹೆಸರು. ಒಯ್ದವರ ವಿವರ ಬರೆದ ಚೀಟಿ ಆ ಮೊಳೆಗೆ. ಸಾಮಾನು ಬಂತೋ, ಚೀಟಿ ಕಿತ್ತು ಬುಟ್ಟಿಗೆ. ದೊಡ್ಡಪ್ಪ ಇದಕ್ಕೆ ‘ಕಾಲಿನ ಬ್ಯಾಂಕು’ ಅನ್ನುತ್ತಾರೆ. “ಬಡ್ಡಿ ಇಲ್ಲ. ಅಸಲು ಮಾತ್ರ ನಡ್ಕೊಂಡು ಬರುತ್ತೆ.”

ಆಫೀಸು. ಹೊಸ ಕೆಲಸ ಬಂತು. ನಮ್ಮ ವೆಬ್‌ಸೈಟಿನದು ಒಂದೇ ಕಸುಬು: ಎರಡು ಸಾಫ್ಟ್‌ವೇರ್ ಎದುರುಬದುರು ನಿಲ್ಲಿಸಿ ಯಾವುದು ಮೇಲು ಎಂದು ಹೇಳುವುದು. ಜೋಡಿ ಹಾಕುವುದು ಮನುಷ್ಯರಲ್ಲ, ಕಂಪ್ಯೂಟರ್. ಪಟ್ಟಿಯಲ್ಲಿರುವ ಎಲ್ಲರಿಗೂ ಎಲ್ಲರ ಜೊತೆ ಕುಸ್ತಿ. ಇವತ್ತು ನನ್ನ ಪಾಲಿಗೆ ಬಂದ ಜೋಡಿ — ಆನ್‌ಲೈನ್ ಗ್ರಾಫಿಕ್ ಡಿಸೈನ್ ಟೂಲ್ ಒಂದು, ಓಪನ್ ಸೋರ್ಸ್ ಡೇಟಾಬೇಸ್ ಒಂದು.

ಪಕ್ಕದ ಸೀಟಿನ ವಟವಟ ಇಣುಕಿ ನೋಡಿ ನಕ್ಕಳು. (ನಾವೆಲ್ಲ ಅವಳನ್ನು ಕರೆಯುವುದೇ ಹಾಗೆ. ಅವಳಿಗೂ ಅದೇ ಇಷ್ಟ.)

“ಅಯ್ಯೋ ನಿನ್ ಗ್ರಹಚಾರವೇ! ಇದು ಕುಂಚಕ್ಕೂ ಕಪಾಟಿಗೂ ಓಟದ ಸ್ಪರ್ಧೆ ಇಟ್ಟಂಗೆ.”

“ಈಗ ಏನು ಬರೀಲಿ?”

“ಬರೀ. ಎರಡಕ್ಕೂ ಕಾಲಿಲ್ಲ ಅಂತ.”

ಜೂನ್ 4, ಮಂಗಳವಾರ

ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ. ಕನ್ನಡ ಸಾಹಿತ್ಯ ಓದುವಾಗ ಅಲಂಕಾರದ ಕ್ಲಾಸಿನಲ್ಲಿ ಮೇಷ್ಟ್ರು ಬೆರಳು ಮಡಿಸುತ್ತ ಹೇಳುತ್ತಿದ್ದುದು ನೆನಪಾಯಿತು. ಹೋಲಿಸುವ ಎರಡಕ್ಕೂ ಸೇರಿದ ಒಂದು ಗುಣ ಇರಬೇಕು, ಅದೇ ಸಮಾನಧರ್ಮ. “ಅದನ್ನ ಹೇಳದೆ ಬಿಡಬಹುದು, ಅದು ಇಲ್ಲದೆ ಹೋಲಿಸೋಕಾಗಲ್ಲ.” ನನ್ನ ಜೋಡಿಯಲ್ಲಿ ಅದೆಲ್ಲಿದೆ?

ವೆಬ್‌ಸೈಟಿನ ಯಂತ್ರ ನೋಡಿಕೊಳ್ಳುವ ಸರ್ವರಣ್ಣನನ್ನು ಕೇಳಲು ಮಧ್ಯಾಹ್ನದವರೆಗೆ ಧೈರ್ಯ ಸಾಲಲಿಲ್ಲ. ಕೊನೆಗೆ ಅವನೇ ಚಹಾ ಹಿಡಿದುಕೊಂಡು ಬಂದ.

“ಬೆಳಗಿಂದ ನನ್ನ ಟೇಬಲ್ ಹತ್ರ ಮೂರು ಸಲ ಬಂದು ನೀರು ಕುಡಿದು ಹೋದ್ರಿ. ಏನ್ ಕೇಳ್ಬೇಕಿತ್ತು?”

ಕೇಳಿದೆ. ಡಿಸೈನ್ ಟೂಲ್ ನನಗೆ ಗೊತ್ತು. ಪೋಸ್ಟರ್, ಕಾರ್ಡು, ಚಂದದ ಅಕ್ಷರ, ಎಳೆದು ಬಿಟ್ಟರೆ ಸಾಕು. ಡೇಟಾಬೇಸ್?

“ಕಪಾಟು ಅಂದ್ಕೊಳಿ. ಆದ್ರೆ ಬಾಯಿ ಇರೋ ಕಪಾಟು. ‘ಕೆಂಪು ಬಣ್ಣದ್ದು, ಹೋದ ತಿಂಗಳು ಇಟ್ಟಿದ್ದು’ ಅಂದ್ರೆ ಅಷ್ಟನ್ನೇ ತೆಗೆದು ಕೈಗೆ ಕೊಡುತ್ತೆ. ನೋಡೋಕೆ ಏನೂ ಇರಲ್ಲ, ಬರೀ ಸಾಲು, ಖಾನೆ.”

“ಓಪನ್ ಸೋರ್ಸ್ ಅಂದ್ರೆ?”

“ಯಾರು ಬೇಕಾದ್ರೂ ತಗೊಂಡು ಹೋಗಬಹುದು. ಒಳಗೆ ಬಿಚ್ಚಿ ನೋಡಬಹುದು. ಏನಾದ್ರೂ ಕೆಟ್ಟಿದ್ರೆ ಸರಿಮಾಡಿ ವಾಪಸ್ ಕೊಟ್ರೆ ಇನ್ನೂ ಸಂತೋಷ. ಎಲ್ಲೆಲ್ಲೋ ಇರೋರು ವರ್ಷಾನುಗಟ್ಟಲೆ ಹಾಗೇ ಕಟ್ಟಿರೋದು. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ.”

ಚೆನ್ನಾಗಿದೆ ಅನ್ನಿಸಿತು. ಬರೆಯಲು ಕೂತೆ. ಆದರೆ ಪುಟದ ಅಚ್ಚು ಮೊದಲೇ ಸಿದ್ಧ. ಜೋಡಿಯಲ್ಲಿ ಯಾರ ಹೆಸರು ಮೊದಲು ಬರುತ್ತದೋ ಅವರ ಕೋಷ್ಟಕವೇ ಇಬ್ಬರಿಗೂ. ಡಿಸೈನ್ ಟೂಲ್ ಮೊದಲು ಬಂದಿತ್ತು. ಹಾಗಾಗಿ ಪ್ರಶ್ನೆಗಳು ಹೀಗೆ: ಟೆಂಪ್ಲೇಟ್ ಇದೆಯೇ? ಫಾಂಟ್‌ಗಳಿವೆಯೇ? ಫೋಟೊದ ಹಿನ್ನೆಲೆ ಅಳಿಸಬಹುದೇ? ಹೊಸಬರಿಗೆ ಸುಲಭವೇ? ಡೇಟಾಬೇಸ್ ಪಾಲಿಗೆ ಇಲ್ಲ, ಇಲ್ಲ, ಇಲ್ಲ, ಇಲ್ಲ. ಹಸಿರು ಟಿಕ್ಕೆಲ್ಲ ಒಂದು ಕಡೆ, ಕೆಂಪು ಕತ್ತರಿ ಗುರುತೆಲ್ಲ ಇನ್ನೊಂದು ಕಡೆ. ಪ್ರಶ್ನೆ ಯಾರದೋ ಗೆಲುವೂ ಅವರದೇ.

ಕೊನೆಗೆ ‘ಗೆದ್ದವರು’ ಅಂತ ಒಂದು ಖಾನೆ. ಖಾಲಿ ಬಿಟ್ಟರೆ ಪುಟ ಸೇವ್ ಆಗುವುದಿಲ್ಲ. ಬಿಟ್ಟು ನೋಡಿದೆ. ಕೆಂಪಗೆ ಮಿನುಗಿತು.

ಡಿಸೈನ್ ಟೂಲ್ ಅಂತ ತುಂಬಿದೆ. ಕೆಳಗೆ ಸಿದ್ಧ ವಾಕ್ಯಗಳಿದ್ದವು, ಒಂದನ್ನು ಆರಿಸಿಕೊಳ್ಳಬೇಕು. ‘ಮನೆಗೂ ಸಣ್ಣ ಸಂಸ್ಥೆಗೂ ಹೇಳಿ ಮಾಡಿಸಿದಂತಿದೆ’ ಆರಿಸಿದೆ. ಯಾರು ಓದುತ್ತಾರೆ ಇದನ್ನು.

ಜೂನ್ 6, ಗುರುವಾರ

ಓದಿದರು. ದೊಡ್ಡಮ್ಮ.

ಪುಟ ಬೆಳಿಗ್ಗೆ ಪ್ರಕಟವಾಯಿತು. ನಾನು ಒಬ್ಬಳೇ ಬರೆದ ಮೊದಲ ಪುಟ. ಫೋನಿನಲ್ಲಿ ಬಾಯಿತಪ್ಪಿ ಹೇಳಿದ್ದೇ ತಡ, ಸಂಜೆ ಮನೆಗೆ ಬರುವಷ್ಟರಲ್ಲಿ ಟ್ಯಾಬ್ಲೆಟ್ಟಿನಲ್ಲಿ ತೆರೆದಿಟ್ಟುಕೊಂಡು ಕೂತಿದ್ದರು. ಊಟಕ್ಕೆ ಕೂತಾಗ ದೊಡ್ಡಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದರು, ಕೋಷ್ಟಕದ ಸಮೇತ. ಟಿಕ್ಕು, ಟಿಕ್ಕು, ಟಿಕ್ಕು.

“ಕನ್ನಡ ಎಷ್ಟು ಶುದ್ಧವಾಗಿದೆ ನೋಡಿ. ಒಂದಾದ್ರೂ ತಪ್ಪಿದೆಯಾ?”

ದೊಡ್ಡಪ್ಪ: “ಅರ್ಥ ಆಗ್ಲಿಲ್ಲ, ಆದ್ರೆ ಯಾರು ಗೆದ್ರು ಅಂತ ಗೊತ್ತಾಯ್ತು. ಕ್ರಿಕೆಟ್ಟೂ ನಾನು ಹಾಗೇ ನೋಡೋದು.”

ನನಗೆ ತಟ್ಟೆಯಿಂದ ತಲೆ ಎತ್ತಲಾಗಲಿಲ್ಲ. ಹಾಗಂತ ಬೇಜಾರೂ ಅಲ್ಲ. ಯಾರಾದರೂ ನಮ್ಮ ಅಕ್ಷರವನ್ನು ಇಷ್ಟು ಪ್ರೀತಿಯಿಂದ ಓದುವುದು... ಪುಣ್ಯ.

ಜೂನ್ 19, ಬುಧವಾರ

ಬರೆಯದೆ ಎರಡು ವಾರ ಹತ್ತಿರ. ಆಫೀಸಿನಲ್ಲಿ ಜೋಡಿಯ ಮೇಲೆ ಜೋಡಿ. ತಿಂಗಳ ಕೊನೆಗೆ ನನ್ನ ಕೆಲಸ ಖಾಯಂ ಆಗಬೇಕು. ಸಂಪಾದಕರು ಏನೂ ಹೇಳಿಲ್ಲ.

ದೊಡ್ಡಮ್ಮನಿಗೆ ಏನೋ ಆಟದ ಹುಚ್ಚು ಹಿಡಿದಂತಿದೆ. ಸದಾ ಟ್ಯಾಬ್ಲೆಟ್. ನಾನು ಹತ್ತಿರ ಹೋದರೆ ಮಗುಚಿ ಇಡುತ್ತಾರೆ. ದೊಡ್ಡಪ್ಪನನ್ನು ಕೇಳಿದರೆ, “ನನ್ನ ಬಾಯಿಗೆ ಬೀಗ ಹಾಕಿದ್ದಾಳೆ, ಕೀಲಿ ಅವಳ ಹತ್ರ.”

ಜೂನ್ 23, ಭಾನುವಾರ

ಬೆಳಿಗ್ಗೆ ಮುಂದಿನ ಕೋಣೆಗೆ ಹೋದರೆ ಗೋಡೆ ಬೆತ್ತಲೆ. ಮೊಳೆಗಳಷ್ಟೇ. ಒಂದು ಚೀಟಿಯೂ ಇಲ್ಲ. ಕಿಟಕಿಯ ಬೆಳಕಿಗೆ ಮೊಳೆಗಳೆಲ್ಲ ಹೊಳೆಯುತ್ತಿದ್ದವು.

“ಬಾ ಇಲ್ಲಿ,” ಅಂದರು ದೊಡ್ಡಮ್ಮ. ಮುಖ ಅರಳಿತ್ತು. ಟ್ಯಾಬ್ಲೆಟ್ ನನ್ನ ಮಡಿಲಿಗೆ ಇಟ್ಟರು.

ಕಾರ್ಡುಗಳು. ಸಾಮಾನು ಒಯ್ದ ಪ್ರತಿಯೊಬ್ಬರಿಗೂ ಒಂದು. ಸುತ್ತ ಹೂವಿನ ಅಂಚು, ಒಂದಕ್ಕೆ ಗುಲಾಬಿ ಬಣ್ಣ, ಒಂದಕ್ಕೆ ಆಕಾಶ. ಬಳ್ಳಿಯಂತೆ ಬಳುಕುವ ಅಕ್ಷರದಲ್ಲಿ ಹೆಸರು, ಊರು-ಬೀದಿ, ಫೋನ್, ಒಯ್ದ ತಿಂಗಳು. ಒಂದೊಂದನ್ನೂ ಫೋಟೊ ಥರ ಉಳಿಸಿಟ್ಟಿದ್ದಾರೆ. ಬೆರಳು ಸರಿಸಿದಷ್ಟೂ ಮುಗಿಯದು.

“ನೀನೇ ಬರೆದಿದ್ದೆಯಲ್ಲ — ಸಣ್ಣ ಸಂಸ್ಥೆಗೆ ಹೇಳಿ ಮಾಡಿಸಿದಂಗಿದೆ ಅಂತ. ನಮ್ಮದೂ ಸಣ್ಣ ಸಂಸ್ಥೆಯೇ ತಾನೆ? ಗೆದ್ದಿರೋದನ್ನೇ ತಗೊಂಡೆ.”

“ಚೀಟಿಗಳು, ದೊಡ್ಡಮ್ಮ?”

“ರದ್ದಿಗೆ ಹಾಕ್ದೆ. ಇನ್ಯಾಕೆ?”

ಕಾರ್ಡುಗಳು ನಿಜಕ್ಕೂ ಚಂದ. ಚಂದ ಅಂದೆ. ಅವರ ಕಣ್ಣು ತುಂಬಿತು. ಒಯ್ದದ್ದು ಏನು ಎನ್ನುವಲ್ಲಿ ಎಷ್ಟೋ ಕಾರ್ಡುಗಳಲ್ಲಿ ಬರೀ ‘ಕುರ್ಚಿ’ ಅಂತಿತ್ತು. ಯಾವ ಕುರ್ಚಿ ಅಂತ ಕೇಳಿದೆ.

“ಉದ್ದ ಬರೆದ್ರೆ ಅಕ್ಷರ ಹೂವಿನ ಮೇಲೆ ಹತ್ತುತಿತ್ತು ಕಣೇ.”

ಜೂನ್ 25, ಮಂಗಳವಾರ, ಸಂಜೆ

ಆಗಬಾರದೆಂದು ಅಂದುಕೊಂಡದ್ದೇ ಆಯಿತು.

ಎದುರು ಬೀದಿಯ ಟೈಲರಮ್ಮ ಬಂದಿದ್ದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಮಗಳಿಗೆ ಎರಡೂ ಕಾಲಿನ ಆಪರೇಷನ್ ಆಗಿದೆ. ಚೆನ್ನಾಗಿಯೇ ಆಗಿದೆ. ಶನಿವಾರ ಮನೆಗೆ ಕಳಿಸುತ್ತಾರಂತೆ. ಗಾಲಿಕುರ್ಚಿಯಿದ್ದರೆ ಮೊದಲ ದಿನದಿಂದಲೇ ಕೂತು ಓಡಾಡಬಹುದು, ಸೋಮವಾರದಿಂದ ಶಾಲೆಗೂ ಹೋಗಬಹುದು. ಇಲ್ಲದಿದ್ದರೆ ತಿಂಗಳುಗಟ್ಟಲೆ ಹಾಸಿಗೆ. ದೊಡ್ಡವರ ಕುರ್ಚಿ ಆಗದು. ಅವರ ಬಾಗಿಲೇ ಕಿರಿದು, ಮಗಳೂ ಅದರಲ್ಲಿ ಜಾರುತ್ತಾಳೆ. ಚಿಕ್ಕ ಕುರ್ಚಿ ಎಲ್ಲೂ ಬಾಡಿಗೆಗೆ ಸಿಕ್ಕಿಲ್ಲ.

“ನಿಮ್ಮ ಹತ್ರ ಹಳದಿ ಸೀಟಿನದು ಒಂದಿದೆ ಅಲ್ವಾ ಸಿಸ್ಟರ್? ಆಪರೇಷನ್‌ಗೆ ಮೊದಲೇ ಹೇಳಿದ್ರಿ, ಕೊಡ್ತೀನಿ ಅಂತ.”

“ಕೊಡ್ತೀನಿ ಅಂದ್ಮೇಲೆ ಕೊಡ್ತೀನಿ. ಯಾರ ಹತ್ರ ಇದೆ ನೋಡಿ ತರಿಸ್ತೀನಿ.”

ಟೈಲರಮ್ಮ ಹೋದ ಮೇಲೆ ಟ್ಯಾಬ್ಲೆಟ್ ತೆಗೆದರು. ಸರಿಸಿದರು. ಸರಿಸಿದರು. ಕುರ್ಚಿ, ಕುರ್ಚಿ, ಕುರ್ಚಿ. ಯಾವುದು ಹಳದಿ, ಯಾವುದು ದೊಡ್ಡದು, ಯಾವ ಕಾರ್ಡಿಗೂ ಗೊತ್ತಿಲ್ಲ. ಹುಡುಕು ಅಂದರೆ ಹುಡುಕಲು ಅದರಲ್ಲಿ ಅಕ್ಷರವೇ ಇಲ್ಲ, ಎಲ್ಲ ಚಿತ್ರ. ಆಮೇಲೆ ತಲೆ ಎತ್ತಿ ಗೋಡೆ ನೋಡಿದರು. ‘ಗಾಲಿಕುರ್ಚಿ — ಚಿಕ್ಕದು’ ಎಂಬ ಬಣ್ಣದ ಅಕ್ಷರ. ಕೆಳಗೆ ಬರೀ ಮೊಳೆ.

ಎದ್ದು ಹೋಗಿ ರದ್ದಿ ಬುಟ್ಟಿ ಬೋರಲು ಹಾಕಿದರು, ಅದೂ ಖಾಲಿ.

“ನನ್ನಿಂದ ಆಯ್ತು ದೊಡ್ಡಮ್ಮ. ಅದು ನಾನು ಬರೆದಿದ್ದು...”

“ಸುಮ್ನಿರೇ. ನೀ ಬರೆದಿದ್ದು ಜಗತ್ತಿಗೆ, ನಾ ಓದಿದ್ದು ನನಗೆ ಅಂತ. ಅತ್ತೆಗೆ ಬರೆದ ಔಷಧಿನ ಸೊಸೆಗೆ ಕೊಟ್ಟಂಗಾಯ್ತು. ನರ್ಸಾಗಿ ನಂಗೆ ಗೊತ್ತಿರ್ಬೇಕಿತ್ತು.”

ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿದ್ದೆ.

ಜೂನ್ 26, ಬುಧವಾರ

ಆಫೀಸಿನಲ್ಲಿ ಹೇಳಲೇಬೇಕಾಯಿತು. ವಟವಟ ಮೊದಲು ಬಿದ್ದುಬಿದ್ದು ನಕ್ಕಳು. “ಅಂದ್ರೆ ನಿಮ್ಮ ದೊಡ್ಡಮ್ಮನ ಮೊಳೆ ಗೋಡೆಯೇ ಡೇಟಾಬೇಸು! ಅದನ್ನ ಕಿತ್ತು ಗ್ರೀಟಿಂಗ್ ಕಾರ್ಡ್ ಮಾಡಿಸಿದ್ದೀಯ!” ಆಮೇಲೆ ಟೈಲರಮ್ಮನ ಮಗಳ ವಿಷಯ ಹೇಳಿದೆ. ನಗು ನಿಂತಿತು. ಕುರ್ಚಿ ನನ್ನ ಕಡೆ ಎಳೆದುಕೊಂಡಳು.

“ಸಂಜೆ ನಿಮ್ಮನೆಗೆ ಬರ್ತೀನಿ. ಸರ್ವರಣ್ಣ, ನೀನೂ ಹೊರಡು.”

“ನನ್ನ ಯಾರೂ ಕರೀಲೇ ಇಲ್ವಲ್ಲ.”

“ಈಗ ಕರೆದೆ.”

ಸಂಜೆ ಐದು ಜನ ಮುಂದಿನ ಕೋಣೆಯಲ್ಲಿ, ಕೂರಲು ಗಾಲಿಕುರ್ಚಿಗಳೇ. ಸರ್ವರಣ್ಣ ತನ್ನ ಲ್ಯಾಪ್‌ಟಾಪಿನಲ್ಲಿ ಡೇಟಾಬೇಸ್ ಹಾಕಿಕೊಂಡು ಬಂದಿದ್ದ. ನಾನು ಅಷ್ಟು ಕೆಂಪು ಕತ್ತರಿ ಕೊಟ್ಟಿದ್ದೆನಲ್ಲ, ಅದೇ. ಕಪ್ಪು ಪರದೆ, ಬಿಳಿ ಅಕ್ಷರ. ಒಂದು ಹೂವೂ ಇಲ್ಲ. ದೊಡ್ಡಮ್ಮ ನೋಡಿ, “ಪಾಪ, ಇಷ್ಟು ಬೋಳಾಗಿದೆಯಲ್ಲೋ,” ಅಂದರು.

ದೊಡ್ಡಪ್ಪ ಕಾರ್ಡು ಓದುವುದು, ರೇಡಿಯೊ ವಾರ್ತೆಯ ದನಿಯಲ್ಲಿ. ವಟವಟ ಟೈಪ್ ಮಾಡುವುದು. ನಾನು ಪಕ್ಕದಲ್ಲಿ ತಪ್ಪು ನೋಡುವುದು. ದೊಡ್ಡಮ್ಮ ನಡುನಡುವೆ ನೆನಪು ಹೆಕ್ಕಿ ಕೊಡುವುದು: “ಅವರಿಗೆ ಬೆನ್ನು. ಇವರಿಗೆ ಮಂಡಿ, ಕುರ್ಚಿ ದೊಡ್ಡದೇ. ಆ ಮನುಷ್ಯ ಬಾಗಿಲಲ್ಲಿ ಹಿಡಿಸಲ್ಲ. ಈ ಮನೇಲಿ ಮಕ್ಕಳಿದ್ದಾರೆ.”

ವಟವಟ ನನ್ನ ಕಿವಿಯಲ್ಲಿ ಹೇಳಿದಳು, “ನೀನು ಇಷ್ಟೊಂದು ಮಾತಾಡ್ತೀಯ ಅಂತ ಗೊತ್ತೇ ಇರ್ಲಿಲ್ಲ.” ನಾನು ಮಾತಾಡುತ್ತಿದ್ದೆನೇ?

ಅರ್ಧ ಮುಗಿಯಿತು. ನಾಳೆ ಉಳಿದರ್ಧ.

ಜೂನ್ 27, ಗುರುವಾರ

ಮುಗಿಯಿತು. ಸರ್ವರಣ್ಣ ದೊಡ್ಡಮ್ಮನನ್ನು ಕೇಳಿದ, “ಈಗ ನಿಮಗೇನು ಬೇಕು, ಬಾಯಲ್ಲಿ ಹೇಳಿ.”

“ಕುರ್ಚಿ. ಮಕ್ಕಳು ಇರೋ ಮನೆಗೆ ಹೋಗಿರ್ಬೇಕು. ಚಳಿಗಾಲ ಮುಗಿದ ಮೇಲೆ — ಗೇಟಿಗೆ ಬಣ್ಣ ಹೊಡೆಸಿದ್ವಲ್ಲ, ಆಗ. ಇನ್ನೂ ಬಣ್ಣ ಒಣಗಿರ್ಲಿಲ್ಲ, ಗಾಲಿಗೆ ಹಸಿರು ಹತ್ತಿತ್ತು.”

ಅವನು ಅದನ್ನು ಡೇಟಾಬೇಸಿನ ಭಾಷೆಯಲ್ಲಿ ಕೇಳಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಅಷ್ಟು ಹೂವಿನ ರಾಶಿಯಿಂದ ಮೂರೇ ಸಾಲು ಎದ್ದು ನಿಂತವು. ಎಲ್ಲರೂ ಒಮ್ಮೆಲೇ ಹೋ ಎಂದರು. ನನಗೆ ಆ ಬೋಳು ಪರದೆಯ ಕಾಲು ಮುಟ್ಟಿ ನಮಸ್ಕರಿಸೋಣ ಅನ್ನಿಸಿತು. ಅದಕ್ಕೆ ಕಾಲಿಲ್ಲ, ವಟವಟ ಹೇಳಿದಂತೆ.

ದೊಡ್ಡಮ್ಮ ಫೋನ್ ಮಾಡಿದರು. ಮೊದಲ ಎರಡು ಮನೆಯಲ್ಲಿ ದೊಡ್ಡ ಕುರ್ಚಿ. ಮೂರನೆಯ ನಂಬರ್ ಚಾಲ್ತಿಯಲ್ಲಿಲ್ಲ. ದೊಡ್ಡಪ್ಪ ಸ್ಕೂಟರ್ ಹತ್ತಿ ಆ ವಿಳಾಸಕ್ಕೆ ಹೋಗಿ ಬಂದರು. ಮನೆ ಖಾಲಿ ಮಾಡಿ ಎರಡು ತಿಂಗಳಾಯಿತಂತೆ. ಎಲ್ಲಿಗೆ ಹೋದರೋ ಅಕ್ಕಪಕ್ಕದವರಿಗೆ ಗೊತ್ತಿಲ್ಲ.

ನಾಳೆ ಒಂದೇ ದಿನ ಬಾಕಿ.

“ಇದರ ಕೆಲಸ ಇಲ್ಲಿಗೆ ಮುಗೀತು,” ಅಂದ ಸರ್ವರಣ್ಣ, ಲ್ಯಾಪ್‌ಟಾಪ್ ನೋಡುತ್ತ. “ಯಾರ ಹತ್ರ ಇದೆ ಅಂತ ಹೇಳ್ತು. ಊರೆಲ್ಲ ಕೂಗಿ ಕರೆಯೋಕೆ ಅದಕ್ಕೆ ಬರಲ್ಲ.”

ದೊಡ್ಡಮ್ಮ ನಿಧಾನಕ್ಕೆ ಟ್ಯಾಬ್ಲೆಟ್ ಎತ್ತಿಕೊಂಡರು. ಕನ್ನಡಕ ಸರಿಮಾಡಿಕೊಂಡರು.

“ಕೂಗೋದು ನನಗೆ ಬರುತ್ತೆ.”

ಕುರ್ಚಿ ಮೊದಲು ಬಂದ ದಿನದ ಫೋಟೊ ಇತ್ತು. ಹಳದಿ ಸೀಟು, ಬ್ರೇಕಿನ ಹಿಡಿಗೆ ನೀಲಿ ಟೇಪು. ಅದನ್ನು ನಡುವೆ ಇಟ್ಟರು. ಹಿನ್ನೆಲೆ ಅಳಿಸಿದರು. ಎಷ್ಟು ಚುರುಕು ಆ ಬೆರಳು! ಎರಡು ವಾರದ ಅಭ್ಯಾಸ. ಆಮೇಲೆ ನನ್ನ ಕಡೆ ತಿರುಗಿ, “ಮಾತು ನಿಂದು.”

ಬರೆದುಕೊಟ್ಟೆ: ‘ನಾನೊಂದು ಚಿಕ್ಕ ಕುರ್ಚಿ. ಯಾರದೋ ಮನೆಯ ಮೂಲೆಯಲ್ಲಿ ಸುಮ್ಮನೆ ಕೂತಿದ್ದೇನೆ. ಶನಿವಾರ ಒಬ್ಬಳು ಪುಟ್ಟಿ ನನಗಾಗಿ ಕಾಯುತ್ತಾಳೆ. ನನ್ನನ್ನು ನೋಡಿದ್ದರೆ ಫೋನ್ ಮಾಡಿ.’

“ಇದಕ್ಕೇ ನೋಡು ಸಾಹಿತ್ಯ ಓದಿರ್ಬೇಕು,” ಅಂದರು ದೊಡ್ಡಪ್ಪ. ತಮಾಷೆಗಲ್ಲ.

ಹೂವು ಬೇಡ ಅಂದೆ. ಒಂದೇ ಒಂದು ಅಂದರು ದೊಡ್ಡಮ್ಮ. ಒಂದು ಇರಲಿ. ಪೋಸ್ಟರ್ ಗೊತ್ತಿದ್ದವರ ಫೋನಿಗೆಲ್ಲ ಹೋಯಿತು. ವಟವಟಳಿಗೆ ಗೊತ್ತಿದ್ದವರೆಂದರೆ ಅರ್ಧ ಊರು.

ಜೂನ್ 28, ಶುಕ್ರವಾರ, ಬೆಳಿಗ್ಗೆ

ಏಳುವಷ್ಟರಲ್ಲಿ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ಗೊತ್ತಿಲ್ಲದ ನಂಬರ್. ಎಂದಿನಂತೆ ನಿಲ್ಲುವವರೆಗೆ ನೋಡುತ್ತ ಕೂತೆ. ಮತ್ತೆ ಇನ್ನೊಂದು. ಮತ್ತೆ. ಆಗ ಪೋಸ್ಟರ್ ತೆಗೆದು ನೋಡಿದೆ. ಕೆಳಗೆ, ಆ ಒಂದು ಹೂವಿನ ಪಕ್ಕ, ನನ್ನ ನಂಬರ್!

“ದೊಡ್ಡಮ್ಮಾ!”

“ನಂದು ಹಾಕಿದ್ರೆ ಬಂದೋರನ್ನ ನೋಡ್ಲೋ, ಫೋನ್ ನೋಡ್ಲೋ? ಅವರೇನು ನಿನ್ನ ನುಂಗ್ತಾರಾ?”

“ನನಗೆ ಗೊತ್ತಿಲ್ಲದೋರ ಹತ್ರ ಮಾತಾಡೋಕೆ—”

“ಗೊತ್ತು. ಆದ್ರೆ ಆ ಮಗುಗೆ ಗೊತ್ತಿಲ್ಲವಲ್ಲ.”

ರಜೆ ಕೇಳಿ ಸಂಪಾದಕರಿಗೆ ಮೆಸೇಜ್ ಹಾಕಿದೆ. ‘ಆಗಲಿ’ ಅಂತಷ್ಟೇ ಬಂತು.

ಅದೇ ದಿನ, ಸಂಜೆ

ಎತ್ತಿದೆ. ಒಂದೊಂದನ್ನೂ. ಮೊದಲ ಸಲ ‘ಹಲೋ’ ಅನ್ನುವಾಗ ದನಿ ಹೊರಡಲಿಲ್ಲ, ಆ ಕಡೆಯವರು ‘ಸಿಗ್ನಲ್ ಇಲ್ಲ’ ಅಂತ ಇಟ್ಟುಬಿಟ್ಟರು.

ಒಬ್ಬರು: “ಕುರ್ಚಿ ನೋಡಿಲ್ಲಮ್ಮ. ಆದ್ರೆ ಅಪ್ಪನ ವಾಕರ್ ಇದೆ. ಅಪ್ಪ ಇಲ್ಲ. ಯಾರಿಗಾದ್ರೂ ಕೊಡ್ತೀರಾ?”

ಇನ್ನೊಬ್ಬರು: “ಹುಡುಕಿಕೊಟ್ರೆ ಬಹುಮಾನ ಎಷ್ಟು?” “ಚಹಾ” ಅಂದೆ. ನಕ್ಕರು.

ಒಬ್ಬ ಮುದುಕರು ಸುಮ್ಮನೆ ಮಾತಾಡಿದರು. ಮಂಡಿನೋವು, ಮೊಮ್ಮಗ, ಅವರ ಬೀದಿಯ ನಾಯಿ. ಕೊನೆಗೆ, “ನೀನು ಚೆನ್ನಾಗಿ ಕೇಳಿಸ್ಕೊಳ್ತೀಯ,” ಅಂದರು. ಮಾತು ಬಾರದವಳಿಗೆ ಇದೊಂದು ಬರುತ್ತದೆ ಎಂದು ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ.

ಕತ್ತಲಾಗುವ ಮುಂಚೆ ಒಬ್ಬ ಹೆಂಗಸು. ದನಿಯಲ್ಲೇ ಅಳುಕು.

“ಪೋಸ್ಟರಿನಲ್ಲಿರೋ ಕುರ್ಚಿ... ನಮ್ಮನೇಲಿದೆ. ನಮ್ಮ ಹುಡುಗ ಈಗ ನಡೀತಾನೆ. ದಿಢೀರ್ ಅಂತ ಮನೆ ಬದಲಾಯಿಸ್ಬೇಕಾಯ್ತು, ಫೋನೂ ಕಳೀತು. ಕೊಡ್ಬೇಕು ಕೊಡ್ಬೇಕು ಅಂತಾನೇ... ಈಗ ಅದು ಬೆಕ್ಕಿನ ಆಸ್ತಿ. ಹಗಲೆಲ್ಲ ಅದರ ಮೇಲೇ ಮಲಗಿರುತ್ತೆ.”

“ಬೆಕ್ಕು ಒಪ್ಪುತ್ತಾ?” ಅಂದೆ. ನಾನೇ ಅಂದದ್ದು! ಗೊತ್ತಿಲ್ಲದವರ ಹತ್ತಿರ ತಮಾಷೆ!

ಆ ಕಡೆ ನಗು, ಅಳು ಎರಡೂ. “ಒಪ್ಪಿಸ್ತೀವಿ. ಬೆಳಿಗ್ಗೆ ನಾವೇ ತಂದುಕೊಡ್ತೀವಿ. ಬೈಬೇಡಿ.”

ಫೋನ್ ಇಟ್ಟು ನೋಡಿದರೆ ದೊಡ್ಡಮ್ಮ ಬಾಗಿಲಿಗೊರಗಿ ನಿಂತಿದ್ದಾರೆ. ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು ಒಳಗೆ ಹೋದರು.

ಜೂನ್ 29, ಶನಿವಾರ

ಬಂತು. ಹಳದಿ ಸೀಟಿನ ತುಂಬ ಬೂದು ಕೂದಲು. ನೀಲಿ ಟೇಪು ಮಾತ್ರ ಇರಲಿಲ್ಲ. ಆ ಹೆಂಗಸಿನ ಗಂಡ ಬ್ರೇಕಿನ ಹಿಡಿ ಹೊಸದು ಹಾಕಿದ್ದರು. “ಮಗ ಕೂತಿದ್ದಾಗ ಸರಿಯಾಗಿ ಹಿಡೀತಿರ್ಲಿಲ್ಲ. ಮುಂದಿನ ಮಗುಗೆ ತೊಂದ್ರೆ ಆಗ್ಬಾರ್ದಲ್ಲ.” ಮುಂದಿನ ಮಗು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಅಲ್ಲೇ ನಿಂತುಬಿಟ್ಟೆ. ಬೇಕಾದವರು ಒಯ್ಯಬಹುದು. ಬಿಚ್ಚಿ ನೋಡಬಹುದು. ಕೆಟ್ಟಿದ್ದರೆ ಸರಿಮಾಡಿ ವಾಪಸ್ ಕೊಟ್ಟರೆ ಇನ್ನೂ ಸಂತೋಷ. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ... ಸರ್ವರಣ್ಣ ಹೇಳಿದ್ದು ಯಾವುದರ ಬಗ್ಗೆ? ನಾನು ಹುಡುಕುತ್ತಿದ್ದ ಸಮಾನಧರ್ಮ ನಮ್ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಜೋಡಿ ತಪ್ಪಾಗಿತ್ತು, ಅಷ್ಟೇ. ಡೇಟಾಬೇಸನ್ನು ಹೋಲಿಸಬೇಕಾಗಿದ್ದದ್ದು ದೊಡ್ಡಮ್ಮನಿಗೆ.

ಮಧ್ಯಾಹ್ನ ಟೈಲರಮ್ಮನ ಮನೆಗೆ ನಾವೇ ತಳ್ಳಿಕೊಂಡು ಹೋದೆವು. ಬಾಗಿಲಲ್ಲಿ ಎರಡೂ ಕಡೆ ಒಂದೊಂದು ಬೆರಳು ಜಾಗ. ಪುಟ್ಟಿ ಕೂತಳು. ಕೈಯಿಂದ ಗಾಲಿ ಮುಟ್ಟಿ ನೋಡಿದಳು. ಹೊಲಿಗೆ ಯಂತ್ರದವರೆಗೆ ಹೋಗಿ ತಿರುಗಿ ಬಂದಳು. ಮತ್ತೆ ಹೋದಳು.

“ಅಮ್ಮಾ, ಇದರಲ್ಲಿ ಬೆಕ್ಕಿನ ವಾಸನೆ!” ಮಹಾ ಖುಷಿಯಲ್ಲಿ.

ಟೈಲರಮ್ಮ ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡರು. ದೊಡ್ಡಮ್ಮ, “ನನಗಲ್ಲ, ಇವಳಿಗೆ ಹೇಳಿ,” ಅಂತ ನನ್ನನ್ನು ಮುಂದಕ್ಕೆ ತಳ್ಳಿದರು. ನಾನು ಸರ್ವರಣ್ಣ ಅಂದೆ. ಸರ್ವರಣ್ಣ ಇದ್ದರೆ ಇನ್ಯಾರನ್ನೋ ತೋರಿಸುತ್ತಿದ್ದ. ಕೊನೆಗೆ ಆ ಥ್ಯಾಂಕ್ಸ್ ಎಲ್ಲಿಗೆ ಮುಟ್ಟಬೇಕೋ... ಯಾವ ದೇಶದ ಯಾವ ಕೋಣೆಯಲ್ಲಿ ಕೂತಿದ್ದಾರೋ ಆ ಡೇಟಾಬೇಸ್ ಕಟ್ಟಿದವರೆಲ್ಲ.

ಜುಲೈ 1, ಸೋಮವಾರ

ಬೆಳಿಗ್ಗೆ ಶಾಲೆಯ ಹೊತ್ತಿಗೆ ಕಿಟಕಿಯಲ್ಲಿ ನಿಂತಿದ್ದೆ. ಹಳದಿ ಕುರ್ಚಿ ಬೀದಿ ತಿರುವು ದಾಟುವವರೆಗೆ.

ಸಂಪಾದಕರು ಕರೆದರು. ಕೆಲಸ ಖಾಯಂ. ಪೆಪ್ಪರ್‌ಮಿಂಟ್ ಡಬ್ಬಿ ನನ್ನ ಕಡೆ ಸರಿಸಿದರು, ಅದೇ ಅವರ ಅಭಿನಂದನೆ. ಡಿಸೈನ್ ಟೂಲ್ ಪುಟದ ಬಗ್ಗೆ ಹೇಳಬೇಕು ಅಂತ ಬಾಯಿ ತೆರೆದೆ. ಏನೂ ಬರಲಿಲ್ಲ. ಅವರು ಕಾದರು. ಆಮೇಲೆ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು. ಸಂದರ್ಶನದ ದಿನವೂ ಹೀಗೇ ಮಾಡಿದ್ದರು. ನಾನು ಒಂದು ಪ್ರಶ್ನೆಗೂ ಉತ್ತರಿಸದಿದ್ದಾಗ, “ಬರೆದುಕೊಡಿ, ಪರವಾಗಿಲ್ಲ,” ಅಂದಿದ್ದರು. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ತೋರಿಸುತ್ತಿದ್ದರು. ಅದನ್ನು ನಾನು ಸಾಯುವವರೆಗೆ ಮರೆಯಲಾರೆ.

ಬರೆದೆ. ಮೊಳೆ, ಹೂವು, ಕುರ್ಚಿ, ಬೆಕ್ಕು. ಒಂದು ಕಾಣಿಸುವಂತೆ ಮಾಡುತ್ತದೆ, ಇನ್ನೊಂದು ಹುಡುಕಿಕೊಡುತ್ತದೆ, ನಮಗೆ ಎರಡೂ ಬೇಕಾದವು. ಈ ಪುಟದಲ್ಲಿ ಗೆದ್ದವರು ಯಾರೂ ಇಲ್ಲ. ಆ ಖಾನೆಯಲ್ಲಿ ‘ನಿಮಗೇನು ಆಗಬೇಕು? ಮೊದಲು ಅದನ್ನು ಹೇಳಿ’ ಎಂದು ಬರೆಯಲೇ?

ಓದಿದರು. ನಕ್ಕರು. ಅವರೂ ಅದೇ ಹಾಳೆಯ ಕೆಳಗೆ ಬರೆದರು: ‘ಬರೆಯಿರಿ. ಆದರೆ ಜನ ಹೇಳಿಕೊಂಡು ಬಂದರೆ ಕೇಳಿಸಿಕೊಳ್ಳುವವರು ಯಾರು?’

ಹಾಳೆ ಮಡಿಸಿಕೊಂಡು ಬಂದೆ.

ಜುಲೈ 3, ಬುಧವಾರ

ಮೊಳೆಗಳಿಗೆ ಮತ್ತೆ ಚೀಟಿ ಬಂದಿವೆ. ಸರ್ವರಣ್ಣನ ಲ್ಯಾಪ್‌ಟಾಪ್ ಒಳಗೂ ಇದೆ, ಗೋಡೆಯ ಮೇಲೂ ಇರಲಿ ಅಂದರು ದೊಡ್ಡಮ್ಮ. ಚೀಟಿಗೆ ಮಾತ್ರ ಈಗ ಹೂವಿನ ಅಂಚು. ವಾಪಸ್ ತಂದುಕೊಟ್ಟವರಿಗೆ ಒಂದು ಧನ್ಯವಾದದ ಕಾರ್ಡು, ಅದಕ್ಕೆ ಎಷ್ಟು ಬೇಕಾದರೂ ಹೂವು. ಮೊದಲನೆಯದು ಬೆಕ್ಕಿನ ಹೆಸರಿಗೆ ಹೋಯಿತು.

ಪುಟ ತಿದ್ದಿದೆ. ಕೋಷ್ಟಕ ತೆಗೆದೆ. ದೊಡ್ಡಮ್ಮನ ಕೋಣೆಯ ಕಥೆ ಬರೆದೆ. ಗೆದ್ದವರ ಖಾನೆಗೆ ಬಂದೆ. ‘ನಿಮಗೇನು ಆಗಬೇಕು?’ ಎಂಬ ಆ ಪ್ರಶ್ನೆ ಬರೆದೆ. ಅದರ ಕೆಳಗೆ ನನ್ನ ಹೆಸರು. ಹೆಸರಿನ ಪಕ್ಕ, ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ನನ್ನ ನಂಬರ್.

ಸೇವ್ ಆಯಿತು. ಕೆಂಪಗೆ ಮಿನುಗಲಿಲ್ಲ.

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಛತ್ರಿ ಬಾಗಿಲ ಮೂಲೆಯಲ್ಲಿ ರಬ್ಬರ್ ಟೋಪಿಯ ಮೇಲೆ ನಿಂತಿದೆ. ಫೋನ್ ಬಡಿದುಕೊಳ್ಳುತ್ತಿದೆ. ಗೊತ್ತಿಲ್ಲದ ನಂಬರ್. ಒಳಗಿನಿಂದ ದೊಡ್ಡಮ್ಮ, “ನಾನು ಎತ್ಲೇನೇ?”

ಬೇಡ ದೊಡ್ಡಮ್ಮ, ನಾನೇ ಎತ್ತ—